ಬಂಡೆಯ ನೀರು, ಮೂಳೆಯ ಮಜ್ಜೆ

ಮಧುಗಿರಿ ಬೆಟ್ಟ ಹತ್ತಿ ಇಳಿದವರಿಗೆ ಆ ಕಲ್ಲಿನ ಬಣ್ಣ ಗೊತ್ತು. ಬೂದು ಮೈ, ನಡುನಡುವೆ ನಸುಗೆಂಪು ದಪ್ಪ ಹರಳು. ಆ ಹರಳು ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್. ಪೊಟ್ಯಾಸಿಯಂನ ಒಂದು ಸಣ್ಣ ಪಾಲು ಹುಟ್ಟಿನಿಂದಲೇ ವಿಕಿರಣಶೀಲ. ಅದರ ಜೊತೆಗೆ ಇಂಥ ಗ್ರಾನೈಟ್ ಒಂದು ಟನ್ ಪುಡಿ ಮಾಡಿದರೆ ಸಾಮಾನ್ಯವಾಗಿ ಮೂರರಿಂದ ಐದು ಗ್ರಾಂ ಯುರೇನಿಯಂ, ಅದರ ಮೂರು ನಾಲ್ಕು ಪಟ್ಟು ಥೋರಿಯಂ ಸಿಗುತ್ತದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಆ ಹೆಸರನ್ನೇ ಈ ಕಲ್ಲಿಗೆ ಇಟ್ಟುಕೊಂಡಿದ್ದಾರೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕ್ಲೋಸ್‌ಪೇಟೆ ಗ್ರಾನೈಟ್ ರಾಮನಗರ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗಗಳ ಸಾಲಾಗಿ ಉತ್ತರಕ್ಕೆ ನಡೆದು ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾಯ್ದು ಬಳ್ಳಾರಿ ಸೀಮೆಯತ್ತ ಹೋಗುತ್ತದೆ. ಶಿರಾದ ಬಹುಪಾಲು ನೆಲ ಇದಕ್ಕಿಂತಲೂ ಹಳೆಯದಾದ ನೈಸ್ ಶಿಲೆಯದು.

ಕಲ್ಲು ಕಲ್ಲಾಗಿ ಇದ್ದಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿಯ ನೀರು ಮೊನ್ನೆ ಮೊನ್ನೆ ಬಿದ್ದ ಮಳೆಯದು. ಈಗ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಅಷ್ಟು ಆಳದ ಸೀಳುಗಳಲ್ಲಿ ಎಷ್ಟೋ ಕಾಲ ನಿಂತ ನೀರು ಕಲ್ಲನ್ನು ನಿಧಾನವಾಗಿ ಕರಗಿಸಿಕೊಂಡಿರುತ್ತದೆ. ಬೈಕಾರ್ಬನೇಟ್ ಹೆಚ್ಚಿರುವ, ಸ್ವಲ್ಪ ಕ್ಷಾರೀಯವಾದ ನೀರಿಗೆ ಯುರೇನಿಯಂ ಸುಲಭವಾಗಿ ಸೇರುತ್ತದೆ. ಫ್ಲೋರೈಡ್ ಸೇರುವುದೂ ಹೆಚ್ಚುಕಡಿಮೆ ಇಂಥ ನೀರಿಗೇ. ಹಲ್ಲು ಕಂದಿ, ಮಂಡಿ ಸೊಟ್ಟಗಾದವರನ್ನು ಕಂಡಿರುವ ಪಾವಗಡದವರಿಗೆ ಫ್ಲೋರೈಡಿನ ಪರಿಚಯ ಬೇಕಿಲ್ಲ. ಯುರೇನಿಯಂ ಮಾತ್ರ ಹೊಸ ಹೆಸರು. 2021ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್, ಮಂಗಳೂರು ವಿಶ್ವವಿದ್ಯಾಲಯದ ಎನ್. ಕರುಣಾಕರ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ನೀರಿನ ಲೆಕ್ಕ ಪ್ರಕಟಿಸಿದರು. ತುಮಕೂರು ಜಿಲ್ಲೆಯೂ ಅದರಲ್ಲಿತ್ತು. 57 ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. 48 ಹಳ್ಳಿಗಳಲ್ಲಿ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ 60ರ ಮಿತಿಯನ್ನೂ ದಾಟಿತ್ತು.

ಸುದ್ದಿ ಪತ್ರಿಕೆಗೆ ಬಂದ ಮೇಲೆ ಭಯ ಹುಟ್ಟದೆ ಇರುತ್ತದೆಯೆ? ಯುರೇನಿಯಂ ಎಂದರೆ ಹಿರೋಷಿಮಾ, ಹಿರೋಷಿಮಾ ಎಂದರೆ ರಕ್ತದ ಕ್ಯಾನ್ಸರ್. ಹಾಗಾದರೆ ಬೋರ್‌ವೆಲ್ ನೀರು ಕುಡಿದವರಿಗೂ ಅದೇ ಗತಿಯೆ? ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವ ಅಧಿಕಾರಿಗಳೂ ಇದ್ದಾರೆ, ಹೌದೆಂದು ಹೆದರಿಸಿ ನೀರಿನ ಮೆಷಿನ್ ಮಾರುವವರೂ ಇದ್ದಾರೆ. ಇಬ್ಬರೂ ಲೆಕ್ಕ ಹಾಕುವ ಗೋಜಿಗೆ ಹೋಗುವುದಿಲ್ಲ. ಆ ಲೆಕ್ಕ ಹಾಕುವುದನ್ನು ಜಗತ್ತಿಗೆ ಕಲಿಸಿದ್ದು ಬಾಂಬಿಗೆ ಸಿಕ್ಕು ಬದುಕುಳಿದ ಜಪಾನಿನ ಜನರ ದೇಹಗಳು. ಆದ್ದರಿಂದ ಮೊದಲು ಅಲ್ಲಿಗೇ ಹೋಗಬೇಕು.

ವಿಕಿರಣಕ್ಕೂ ರಕ್ತದ ಕ್ಯಾನ್ಸರಿಗೂ, ಎಂದರೆ ಲ್ಯುಕೇಮಿಯಾಕ್ಕೂ, ನಂಟಿದೆ ಎಂಬ ಗುಮಾನಿ ಬಾಂಬಿಗಿಂತ ಹಳೆಯದು. ಎಕ್ಸ್-ರೇ ಯಂತ್ರದ ಪಕ್ಕದಲ್ಲೇ ಬಾಳು ಸವೆಸಿದ ಅಮೆರಿಕದ ವೈದ್ಯರು ಉಳಿದ ವೈದ್ಯರಿಗಿಂತ ಹಲವು ಪಟ್ಟು ಹೆಚ್ಚಾಗಿ ಲ್ಯುಕೇಮಿಯಾದಿಂದ ಸಾಯುತ್ತಿದ್ದಾರೆಂದು ಹರ್ಮನ್ ಮಾರ್ಚ್ ಎಂಬ ವೈದ್ಯ 1944ರಲ್ಲೇ ತೋರಿಸಿದ್ದ. ಮೇರಿ ಕ್ಯೂರಿ 1934ರಲ್ಲಿ ಸತ್ತದ್ದು ಮಜ್ಜೆ ಬತ್ತಿಹೋಗಿ. ಮಗಳು ಐರೀನ್ 1956ರಲ್ಲಿ ಸತ್ತದ್ದು ಲ್ಯುಕೇಮಿಯಾದಿಂದ. ಆದರೆ ಎಷ್ಟು ವಿಕಿರಣಕ್ಕೆ ಎಷ್ಟು ಅಪಾಯ ಎಂಬ ಉತ್ತರ ಇಂಥ ಬಿಡಿ ಸಾವುಗಳಿಂದ ಸಿಗುವುದಿಲ್ಲ.

ಹಿರೋಷಿಮಾದ ಮೇಲೆ ಬಾಂಬ್ ಬಿದ್ದದ್ದು 1945ರ ಆಗಸ್ಟ್ 6ರಂದು, ನಾಗಸಾಕಿಯ ಮೇಲೆ 9ರಂದು. 1940ರ ದಶಕದ ಕೊನೆಯಲ್ಲಿ ಹಿರೋಷಿಮಾದ ತರುಣ ವೈದ್ಯ ತಾಕುಸೋ ಯಾಮಾವಾಕಿಗೆ ತನ್ನ ಬಳಿ ಬರುವ ಲ್ಯುಕೇಮಿಯಾ ರೋಗಿಗಳ ಸಂಖ್ಯೆ ಎಂದಿನಂತಿಲ್ಲ ಅನ್ನಿಸತೊಡಗಿತು. ಆತ ಒಬ್ಬೊಬ್ಬರದೂ ವಿವರ ಕೂಡಿಡುತ್ತ ಹೋದ. ಅವನೂ ಅಮೆರಿಕದ ಫೋಲಿ ಮತ್ತು ಬೋರ್ಜೆಸ್ ಎಂಬ ವೈದ್ಯರೂ ಸೇರಿ 1952ರಲ್ಲಿ ಪ್ರಕಟಿಸಿದ ಲೇಖನ, ಬಾಂಬಿನಿಂದ ಬದುಕುಳಿದವರಲ್ಲಿ ಲ್ಯುಕೇಮಿಯಾ ಹೆಚ್ಚಿದೆ ಎಂಬುದನ್ನು ಲೋಕದ ಮುಂದಿಟ್ಟಿತು. ಸ್ಫೋಟದ ಕೇಂದ್ರಕ್ಕೆ ಹತ್ತಿರವಿದ್ದವರಲ್ಲಿ ಹೆಚ್ಚು, ದೂರ ಸರಿದಂತೆ ಕಡಿಮೆ. ಕಾಗದದ ಕೊಕ್ಕರೆಗಳಿಂದ ಹೆಸರಾದ ಸದಾಕೋ ಸಸಾಕಿ ಬಾಂಬ್ ಬಿದ್ದಾಗ ಎರಡು ವರ್ಷದ ಮಗು. ಲ್ಯುಕೇಮಿಯಾ ಕಂಡದ್ದು 1955ರಲ್ಲಿ, ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡಳು.

ದೂರ ಹತ್ತಿರ ಎಂದಷ್ಟೇ ಹೇಳಿದರೆ ವಿಜ್ಞಾನಕ್ಕೆ ಸಾಲದು. ಒಬ್ಬೊಬ್ಬರ ಮಜ್ಜೆಗೂ ಎಷ್ಟು ತಲುಪಿತು ಎಂಬುದು ಬೇಕು. ಮುಂದಿನದು ನನ್ನ ಪ್ರಕಾರ ಇಪ್ಪತ್ತನೇ ಶತಮಾನದ ಅತ್ಯಂತ ಹಠದ ಎಣಿಕೆ. 1950ರ ಜಪಾನ್ ಜನಗಣತಿಯಲ್ಲಿ ಬಾಂಬಿಗೆ ಸಿಕ್ಕವರನ್ನು ಗುರುತಿಸಿ, ಅವರಲ್ಲಿ ಸುಮಾರು 94 ಸಾವಿರ ಮಂದಿಯನ್ನೂ ಆ ಹೊತ್ತಿಗೆ ಊರಲ್ಲಿರದಿದ್ದ ಸುಮಾರು 27 ಸಾವಿರ ಮಂದಿಯನ್ನೂ ಒಂದು ಪಟ್ಟಿಗೆ ಸೇರಿಸಿದರು. ಹತ್ತಿರವಿದ್ದವರನ್ನು ಕೂರಿಸಿಕೊಂಡು ಕೇಳಿದರು: ಆ ಬೆಳಿಗ್ಗೆ ಎಲ್ಲಿ ನಿಂತಿದ್ದಿರಿ, ಯಾವ ಕಡೆಗೆ ಮುಖ, ಮನೆಯೊಳಗೋ ಹೊರಗೋ, ನಡುವೆ ಎಷ್ಟು ಗೋಡೆ? ಮರದ ಮನೆ ವಿಕಿರಣವನ್ನು ಎಷ್ಟು ತಡೆಯುತ್ತದೆಂದು ತಿಳಿಯಲು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಜಪಾನಿ ಮಾದರಿಯ ಮನೆಗಳನ್ನೇ ಕಟ್ಟಿ, 1962ರಲ್ಲಿ 1,500 ಅಡಿಗೂ ಮಿಕ್ಕ ಎತ್ತರದ ಗೋಪುರದ ಮೇಲೆ ಹೊದಿಕೆಯಿಲ್ಲದ ರಿಯಾಕ್ಟರ್ ಏರಿಸಿ ಅಳೆದರು. ಹಿರೋಷಿಮಾದ ಹಳೆಯ ಹೆಂಚುಗಳನ್ನು ಹುಡುಕಿ ತಂದರು. ಹೆಂಚಿನ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣ ವಿಕಿರಣದ ಶಕ್ತಿಯನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಕಾಯಿಸಿದರೆ ಅದು ಮಂದವಾಗಿ ಹೊಳೆಯುತ್ತದೆ. ಆ ಹೊಳಪನ್ನು ಅಳೆದರೆ, ದಶಕಗಳ ಹಿಂದೆ ಆ ಚಾವಣಿಗೆ ಎಷ್ಟು ವಿಕಿರಣ ತಾಗಿತ್ತೆಂದು ಗೊತ್ತಾಗುತ್ತದೆ. ಈ ಪಟ್ಟಿಯಲ್ಲಿ ಒಂದು ಕೊರತೆ ಉಳಿದೇ ಇದೆ. ಎಣಿಕೆ ಶುರುವಾದದ್ದು 1950ರ ಅಕ್ಟೋಬರಿನಿಂದ. ಅದಕ್ಕೂ ಮೊದಲೇ ಲ್ಯುಕೇಮಿಯಾ ಬಂದು ಸತ್ತವರು ಇದರೊಳಗಿಲ್ಲ.

2000ನೇ ಇಸವಿಯವರೆಗಿನ ಫಲಿತಾಂಶವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಜ್ಜೆಗೆ 0.005 ಗ್ರೇಗಿಂತ ಹೆಚ್ಚು ತಲುಪಿದವರು 49,204 ಮಂದಿ. ಅವರಲ್ಲಿ ಲ್ಯುಕೇಮಿಯಾದಿಂದ ಸತ್ತವರು 204. ಬಾಂಬ್ ಬೀಳದಿದ್ದರೂ ಇವರಲ್ಲಿ 110 ಮಂದಿ ಸಾಯುತ್ತಿದ್ದರು. ಬಾಂಬಿನ ಪಾಲು 94. ಈ 94 ಸಾವು ಎಲ್ಲರ ಮೇಲೂ ಸಮನಾಗಿ ಹಂಚಿ ಹೋಗಿಲ್ಲ. 0.1 ಗ್ರೇವರೆಗೆ ಪಡೆದ 30,387 ಮಂದಿಯಲ್ಲಿ ಸತ್ತವರು 69, ಅದರಲ್ಲಿ ವಿಕಿರಣದ ಪಾಲು 4. ಒಂದು ಗ್ರೇಗಿಂತ ಹೆಚ್ಚು ಪಡೆದವರು ಬರೀ 2,709. ಅವರಲ್ಲಿ ಸತ್ತವರು 64, ವಿಕಿರಣದ ಪಾಲು 56. ಪ್ರಮಾಣ ಹತ್ತು ಪಟ್ಟಾದರೆ ಅಪಾಯ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದು ಲ್ಯುಕೇಮಿಯಾದ ವಿಚಿತ್ರ ಗುಣ. ಹೊಟ್ಟೆ, ಶ್ವಾಸಕೋಶ, ಸ್ತನಗಳ ಗಡ್ಡೆ ಕ್ಯಾನ್ಸರುಗಳು ಇಷ್ಟು ಕಡಿದಾಗಿ ಏರುವುದಿಲ್ಲ, ಪ್ರಮಾಣಕ್ಕೆ ತಕ್ಕಂತೆ ನೇರವಾಗಿ ಏರುತ್ತವೆ. ಆದರೆ ಒಟ್ಟು ಸಂಖ್ಯೆಯಲ್ಲಿ ಅವೇ ಹೆಚ್ಚು: 1958ರಿಂದ 1998ರವರೆಗೆ ವಿಕಿರಣದಿಂದ ಬಂದವು ಎನ್ನಬಹುದಾದ ಗಡ್ಡೆ ಕ್ಯಾನ್ಸರುಗಳು ಸುಮಾರು 850. ಹಿರೋಷಿಮಾದ ರೋಗವೆಂದರೆ ರಕ್ತದ ಕ್ಯಾನ್ಸರ್ ಎಂದು ನಾವು ನೆನಪಿಟ್ಟುಕೊಂಡಿರುವುದು ಅದು ಮೊದಲು ಬಂತು ಎಂಬ ಕಾರಣಕ್ಕೆ, ಹೆಚ್ಚು ಬಂತು ಎಂಬ ಕಾರಣಕ್ಕಲ್ಲ.

ಮೊದಲು ಬಂದದ್ದೇಕೆ? ಮಜ್ಜೆಯಲ್ಲಿ ರಕ್ತದ ಮೂಲಕೋಶಗಳು ಹಗಲಿರುಳು ಒಡೆದು ಹೆಚ್ಚುತ್ತಿರುತ್ತವೆ. ವಿಕಿರಣ ಅವುಗಳ ಡಿಎನ್‌ಎಯ ಎರಡೂ ಎಳೆಗಳನ್ನು ಒಂದೇ ಜಾಗದಲ್ಲಿ ತುಂಡರಿಸಿದರೆ ಕೋಶ ಆ ತುಂಡುಗಳನ್ನು ಮತ್ತೆ ಜೋಡಿಸಲು ನೋಡುತ್ತದೆ. ಎರಡು ಬೇರೆ ಬೇರೆ ವರ್ಣತಂತುಗಳು ಒಟ್ಟಿಗೆ ಮುರಿದಿದ್ದರೆ ತುದಿಗಳು ಅದಲುಬದಲಾಗುವುದುಂಟು. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ತುದಿ ಹೀಗೆ ಬದಲಾದರೆ, ಬೆಳೆಯುವುದನ್ನು ನಿಲ್ಲಿಸಲೇ ಗೊತ್ತಿಲ್ಲದ ಒಂದು ಪ್ರೋಟೀನ್ ಹುಟ್ಟಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಶುರುವಾಗುತ್ತದೆ. ಗಡ್ಡೆ ಕ್ಯಾನ್ಸರಿಗೆ ಇಂಥ ಹಲವು ತಪ್ಪುಗಳು ಒಂದರ ಮೇಲೊಂದು ಕೂಡಬೇಕು, ಅದಕ್ಕೆ ದಶಕಗಳು ಹಿಡಿಯುತ್ತವೆ. ಲ್ಯುಕೇಮಿಯಾಕ್ಕೆ ಕೆಲವೇ ತಪ್ಪು ಸಾಕು. ಬಾಂಬಿನ ನಂತರ ಎರಡು ಮೂರು ವರ್ಷಕ್ಕೆ ಏರತೊಡಗಿ, ಆರೆಂಟು ವರ್ಷಕ್ಕೆ ತುದಿ ಮುಟ್ಟಿ, ಆಮೇಲೆ ಇಳಿಯಿತು. ಮಕ್ಕಳಲ್ಲಿ ಏರಿಕೆ ಹೆಚ್ಚು, ಇಳಿಕೆಯೂ ಬೇಗ. ಆ ವರ್ಣತಂತು ಬದಲಾವಣೆಯ ಗುರುತು 1960ರಲ್ಲಿ ಫಿಲಡೆಲ್ಫಿಯಾದ ನೊವೆಲ್ ಮತ್ತು ಹಂಗರ್‌ಫರ್ಡ್ ಕಣ್ಣಿಗೆ ಬಿತ್ತು. ತುದಿಗಳು ಅದಲುಬದಲಾದದ್ದೆಂದು 1973ರಲ್ಲಿ ಜಾನೆಟ್ ರೌಲಿ ಹೇಳಿದಳು. ಆ ಪ್ರೋಟೀನನ್ನು ಕಟ್ಟಿಹಾಕುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಆ ಔಷಧದ ಪೇಟೆಂಟ್ ಅರ್ಜಿಯನ್ನು ತಿರಸ್ಕರಿಸಿದ್ದರಿಂದ ಭಾರತದಲ್ಲಿ ಅದು ಅಗ್ಗಕ್ಕೆ ಸಿಗುವುದು ಮುಂದುವರಿಯಿತು. ಸದಾಕೋ ಕಾಲದಲ್ಲಿ ಸಾವಿನ ಶಿಕ್ಷೆಯಂತಿದ್ದ ರೋಗಗಳಲ್ಲಿ ಒಂದಕ್ಕೆ ಇವತ್ತು ಶಿರಾದ ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ನುಂಗಿ ಹೊಲದ ಕೆಲಸಕ್ಕೆ ಹೋಗಬಹುದು.

ಇನ್ನೊಂದು ನಂಬಿಕೆಯನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ. ಬದುಕುಳಿದವರಿಗೆ ಆನಂತರ ಹುಟ್ಟಿದ ಮಕ್ಕಳಲ್ಲಿ ಲ್ಯುಕೇಮಿಯಾ ಹೆಚ್ಚಿದ್ದು ಕಂಡುಬಂದಿಲ್ಲ. ಆದರೂ ಆ ಮಕ್ಕಳಿಗೆ ಹೆಣ್ಣು ಕೊಡಲು, ಗಂಡು ತರಲು ಜನ ದಶಕಗಳ ಕಾಲ ಹಿಂಜರಿದರು. ಬದುಕುಳಿದವರನ್ನು ಪರೀಕ್ಷಿಸಿದ ಅಮೆರಿಕದ ಆಯೋಗ ಚಿಕಿತ್ಸೆ ಕೊಡಲಿಲ್ಲವೆಂಬ ಕಹಿಯೂ ಅವರಲ್ಲಿ ಉಳಿದಿದೆ. ನಾವು ಮೇಲೆ ಓದಿದ ಅಂಕಿಗಳ ಹಿಂದೆ ಅದೂ ಇದೆ.

ಈಗ ಬೋರ್‌ವೆಲ್ಲಿಗೆ ಬರೋಣ. ಹಿರೋಷಿಮಾದ ವಿಕಿರಣ ಮುಖ್ಯವಾಗಿ ಗಾಮಾ ಕಿರಣ, ಜೊತೆಗೆ ಸ್ವಲ್ಪ ನ್ಯೂಟ್ರಾನ್. ಗಾಮಾ ಚರ್ಮ, ಮಾಂಸ, ಮೂಳೆಗಳನ್ನು ಲೆಕ್ಕಿಸದೆ ಹಾಯ್ದು ಮಜ್ಜೆಯ ಮೂಲೆಮೂಲೆಗೂ ತಲುಪಿತು, ಅದೂ ಕ್ಷಣಗಳಲ್ಲಿ. ಯುರೇನಿಯಂ ಹೊರಡಿಸುವುದು ಮುಖ್ಯವಾಗಿ ಆಲ್ಫಾ ಕಣ. ಅದಕ್ಕೆ ಬಲ ಹೆಚ್ಚು, ಓಟ ಕಡಿಮೆ. ದೇಹದ ಒಳಗೆ ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಸಾಗುವುದಿಲ್ಲ. ಹಾಗಾಗಿ ಆಲ್ಫಾ ವಿಷಯದಲ್ಲಿ ಎಷ್ಟು ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದೇ ಮುಖ್ಯ.

ಇದಕ್ಕೆ ಎರಡು ದುಃಖದ ಸಾಕ್ಷಿಗಳಿವೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1917ರಿಂದ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಹೊಟ್ಟೆಗೆ ಹೋದ ರೇಡಿಯಂ ಕ್ಯಾಲ್ಸಿಯಂನಂತೆಯೇ ಮೂಳೆ ಸೇರಿತು. ದವಡೆ ಕೊಳೆಯಿತು, ಮೂಳೆಯ ಕ್ಯಾನ್ಸರ್ ಬಂತು. ಲ್ಯುಕೇಮಿಯಾ ಮಾತ್ರ ಗುರುತಿಸುವಷ್ಟು ಹೆಚ್ಚಲಿಲ್ಲ. ಮೂಳೆಯ ಗಟ್ಟಿ ಭಾಗದಲ್ಲಿ ಕೂತ ರೇಡಿಯಂನ ಆಲ್ಫಾ ಕಣಗಳು ಒಳಗಿನ ಮಜ್ಜೆಯ ಬಹುಪಾಲನ್ನು ಮುಟ್ಟಲಾರವು. ಇದಕ್ಕೆ ತದ್ವಿರುದ್ಧ ಥೋರೋಟ್ರಾಸ್ಟ್ ಕಥೆ. ಎಕ್ಸ್-ರೇಯಲ್ಲಿ ರಕ್ತನಾಳ ಚೆನ್ನಾಗಿ ಕಾಣಲೆಂದು 1930ರಿಂದ 50ರ ದಶಕದವರೆಗೆ ರೋಗಿಗಳ ನರಕ್ಕೆ ಚುಚ್ಚುತ್ತಿದ್ದ ಥೋರಿಯಂ ದ್ರಾವಣ ಅದು. ಪಿತ್ತಜನಕಾಂಗ, ಗುಲ್ಮದ ಜೊತೆಗೆ ಮಜ್ಜೆಯ ಒಳಗೇ ಹೋಗಿ ಕೂತು ಜೀವಮಾನವಿಡೀ ಅಲ್ಲೇ ಉಳಿಯಿತು. ಅವರಲ್ಲಿ ಲಿವರ್ ಕ್ಯಾನ್ಸರ್ ಜೊತೆಗೆ ಲ್ಯುಕೇಮಿಯಾವೂ ಹೆಚ್ಚಿತು.

ನೀರಿನಲ್ಲಿ ಕುಡಿದ ಯುರೇನಿಯಂ ಏನಾಗುತ್ತದೆ? ಬಹುಪಾಲು ರಕ್ತಕ್ಕೆ ಸೇರದೆ ಮಲದೊಂದಿಗೆ ಹೊರಹೋಗುತ್ತದೆ. ರಕ್ತ ಸೇರಿದ ಚೂರುಪಾರಿನಲ್ಲಿ ಹೆಚ್ಚಿನದು ಮೂತ್ರಕ್ಕೆ, ಉಳಿದದ್ದು ಮೂಳೆಗೆ. ಲೆಕ್ಕ ಹೀಗಿದೆ. ಲೀಟರಿಗೆ 60 ಮೈಕ್ರೋಗ್ರಾಂ ಯುರೇನಿಯಂ ಎಂದರೆ ಸೆಕೆಂಡಿಗೆ ಒಂದೂವರೆ ಪರಮಾಣು ಒಡೆಯುವಷ್ಟು ವಿಕಿರಣಶೀಲತೆ. ದಿನಕ್ಕೆ ಎರಡು ಲೀಟರಿನಂತೆ ವರ್ಷವಿಡೀ ಕುಡಿದರೆ ದೇಹಕ್ಕೆ ಬೀಳುವುದು ಸುಮಾರು 0.05 ಮಿಲಿಸೀವರ್ಟ್ (ಬಗೆಬಗೆಯ ವಿಕಿರಣವನ್ನು ಹೋಲಿಸುವ ಮಾನ; ಗಾಮಾ ಕಿರಣದ ಒಂದು ಗ್ರೇಗೆ ಸಾವಿರ ಮಿಲಿಸೀವರ್ಟ್). ಐವತ್ತು ವರ್ಷ ಕುಡಿದರೆ ಎರಡೂವರೆ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿನಲ್ಲಿ ಎಂಟು ಹತ್ತು ಮಿಲಿಸೀವರ್ಟ್ ಬೀಳುತ್ತದೆ. ಸುಮ್ಮನೆ ಭೂಮಿಯ ಮೇಲೆ ಬದುಕಿರುವ ತಪ್ಪಿಗೆ ವರ್ಷಕ್ಕೆ ಸರಾಸರಿ 2.4. ಲೀಟರಿಗೆ ಸಾವಿರ ಮೈಕ್ರೋಗ್ರಾಂ ಇರುವ ನೀರೇ ಆದರೂ ವರ್ಷಕ್ಕೆ ಒಂದು ಮಿಲಿಸೀವರ್ಟ್ ತುಂಬುವುದಿಲ್ಲ. ಹಿರೋಷಿಮಾ, ನಾಗಸಾಕಿಗಳಲ್ಲಿ 56 ಹೆಚ್ಚುವರಿ ಸಾವು ಕಂಡ ಆ ಗುಂಪಿನ ಪ್ರಮಾಣ ಸಾವಿರ ಮಿಲಿಸೀವರ್ಟಿಗೂ ಮೇಲೆ, ಅದೂ ಒಂದೇ ಏಟಿಗೆ.

ಹಾಗೆಂದು ಆ ನೀರು ಕುಡಿಯಬಹುದು ಎನ್ನುತ್ತಿಲ್ಲ. ಯುರೇನಿಯಂ ಸೀಸದ ಹಾಗೆ ಭಾರಲೋಹ. ಅದರ ವಿಕಿರಣಕ್ಕಿಂತ ಎಷ್ಟೋ ಮೊದಲು ಅದರ ರಸಾಯನ ಕಿಡ್ನಿಯ ಸೂಕ್ಷ್ಮ ನಳಿಕೆಗಳನ್ನು ಕೆಡಿಸತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 30 ಎಂದು ಮಿತಿ ಇಟ್ಟಿರುವುದು ಕಿಡ್ನಿಯನ್ನು ನೆನೆದು, ಮಜ್ಜೆಯನ್ನಲ್ಲ. ಫ್ಲೋರೈಡಿನಿಂದ ಈಗಾಗಲೇ ನೊಂದ ಊರುಗಳಲ್ಲಿ, ಸಕ್ಕರೆ ಕಾಯಿಲೆ ಬಿಪಿ ಮನೆಮನೆಗೂ ಬಂದಿರುವ ಈ ಹೊತ್ತಿನಲ್ಲಿ, ಕಿಡ್ನಿಗೆ ಇನ್ನೊಂದು ಹೊರೆ ಯಾರಿಗೂ ಬೇಡ. ರಕ್ತದ ಕ್ಯಾನ್ಸರಿನ ಭಯ ದೊಡ್ಡದಾಗಿ ಕೂಗುವುದರಿಂದ ಕಿಡ್ನಿಯ ಮಾತು ಕೇಳಿಸದೆ ಹೋಗುತ್ತಿದೆ ಎಂಬುದೇ ನನ್ನ ತಕರಾರು. ನೀರು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಆರ್‌ಒ ಪೊರೆ ಸರಿಯಿದ್ದರೆ ಅದು ಫ್ಲೋರೈಡಿನ ಜೊತೆ ಯುರೇನಿಯಂನ ಬಹುಪಾಲನ್ನೂ ತಡೆಯುತ್ತದೆ. ತಡೆದದ್ದೆಲ್ಲ ಹಿಂದಿನ ಪೈಪಿನಿಂದ ಬರುವ ವೇಸ್ಟ್ ನೀರಿನಲ್ಲಿರುತ್ತದೆ. ಅದನ್ನು ದನಕ್ಕೆ ಕುಡಿಸುವುದು, ಪಾತ್ರೆ ತೊಳೆಯಲು ಹಿಡಿದಿಡುವುದು ಒಳ್ಳೆಯದಲ್ಲ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯನ್ನು ಜನ ಫ್ಲೋರೈಡಿನ ಹೆಸರಲ್ಲಿ ಕೇಳಿ ಪಡೆದರು. ಹೊಳೆಯ ನೀರು ನಲ್ಲಿಗೆ ಬಂದಷ್ಟೂ ಯುರೇನಿಯಂ ಸಮಸ್ಯೆಯೂ ತಾನಾಗಿ ಇಳಿಯುತ್ತದೆ.

ಯುರೇನಿಯಂ ಒಡೆಯುತ್ತ ಹೋದಂತೆ ಹುಟ್ಟುವ ಮರಿಮಗ ರೇಡಾನ್ ಕೂಡ ಈ ನೀರಿನಲ್ಲಿರುತ್ತದೆ. ಅದು ಅನಿಲ, ಅರ್ಧಾಯುಷ್ಯ ಮೂರು ದಿನ ಚಿಲ್ಲರೆ. ಕೊಡದಿಂದ ಕೊಡಕ್ಕೆ ಸುರಿದರೆ, ಕಾಯಿಸಿದರೆ, ಒಂದೆರಡು ವಾರ ತೊಟ್ಟಿಯಲ್ಲಿ ನಿಂತರೆ ಹೊರಟುಹೋಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಉಸಿರಾಡಿದಾಗ ಅದು ಕೆಡಿಸುವುದು ಶ್ವಾಸಕೋಶವನ್ನು. ಬೀಡಿ ಸೇದುವವರಿಗೆ ಆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಚಪ್ಪಡಿ ಕಲ್ಲಿನ ಮನೆಯಲ್ಲಿ ಕಿಟಕಿ ತೆರೆದಿಡಿ. ಇದರ ಬಗ್ಗೆ ಇಷ್ಟು ಸಾಕು.

ಮಜ್ಜೆಗೆ ಬೀಳುವ ವಿಕಿರಣ ಕಡಿಮೆ ಎಂದರೆ ಅಪಾಯ ಸೊನ್ನೆ ಎಂದಲ್ಲ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಅಣು ಕೇಂದ್ರಗಳ 3,08,297 ಕೆಲಸಗಾರರ ದಾಖಲೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಜ್ಜೆಗೆ ಬಿದ್ದ ಸರಾಸರಿ ಪ್ರಮಾಣ ಕೆಲಸದ ಅವಧಿಯುದ್ದಕ್ಕೂ ಸೇರಿ ಬರೀ 16 ಮಿಲಿಗ್ರೇ. ಅಷ್ಟಕ್ಕೂ ಲ್ಯುಕೇಮಿಯಾ ಸಾವಿನಲ್ಲಿ ಸಣ್ಣ ಏರಿಕೆ ಕಂಡಿತು. ಮೂರು ಲಕ್ಷ ಜನರನ್ನು ದಶಕಗಳ ಕಾಲ ಹಿಂಬಾಲಿಸಿದರೆ ಮಾತ್ರ ಕಾಣುವಷ್ಟು ಸಣ್ಣದು. ಕೇರಳದ ಕರುನಾಗಪ್ಪಳ್ಳಿಯ ಕಥೆ ಇನ್ನೊಂದು ಬಗೆಯದು. ಅಲ್ಲಿನ ಕಡಲ ಮರಳಿನ ಮೋನಜೈಟ್‌ನಲ್ಲಿ ಥೋರಿಯಂ ಇದೆ. ನಮ್ಮ ಗ್ರಾನೈಟಿಗಿಂತ ಎಷ್ಟೋ ಹೆಚ್ಚು ಗಾಮಾ ಅಲ್ಲಿ ನೆಲದಿಂದಲೇ ಏಳುತ್ತದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಎಪ್ಪತ್ತು ಸಾವಿರಕ್ಕೂ ಮಿಕ್ಕ ಮನೆಗಳ ಒಳಗೂ ಹೊರಗೂ ವಿಕಿರಣ ಅಳೆದು, 69,958 ಮಂದಿಯನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿ 2009ರಲ್ಲಿ ವರದಿ ಮಾಡಿತು. 1,379 ಕ್ಯಾನ್ಸರುಗಳಲ್ಲಿ ಲ್ಯುಕೇಮಿಯಾ 30. ಹೆಚ್ಚು ವಿಕಿರಣದ ಮನೆಗಳಲ್ಲಿ ಅದು ಹೆಚ್ಚಿರಲಿಲ್ಲ. ನಿಧಾನವಾಗಿ ಬೀಳುವ ವಿಕಿರಣಕ್ಕೆ ಕೋಶಗಳು ದುರಸ್ತಿ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ ಎಂಬ ವಾದಕ್ಕೆ ಇದು ಬಲ. ಮೂವತ್ತೇ ಪ್ರಕರಣಗಳಿಂದ ಸಣ್ಣ ಅಪಾಯವೊಂದು ಕಾಣಲಾರದು ಎಂಬ ವಾದವೂ ಸುಳ್ಳಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಹಳ್ಳಿಯಲ್ಲಿ ಒಂದೇ ವರ್ಷ ಇಬ್ಬರಿಗೆ ರಕ್ತದ ಕ್ಯಾನ್ಸರ್ ಬಂದರೆ ಊರವರ ಬೆರಳು ಬೋರ್‌ವೆಲ್ ಕಡೆಗೋ, ಮೊಬೈಲ್ ಟವರ್ ಕಡೆಗೋ, ಪಾವಗಡದಲ್ಲಾದರೆ ಸೋಲಾರ್ ಪಾರ್ಕ್ ಕಡೆಗೋ ತಿರುಗುತ್ತದೆ. (ಸೋಲಾರ್ ಫಲಕದಿಂದ ಮಜ್ಜೆಗೆ ಮುಟ್ಟುವಂಥ ವಿಕಿರಣ ಬರುವುದಿಲ್ಲ.) ದೇಶದಲ್ಲಿ 2020ರಲ್ಲಿ ಸುಮಾರು 48 ಸಾವಿರ ಹೊಸ ಲ್ಯುಕೇಮಿಯಾ ಪ್ರಕರಣಗಳೆಂಬ ಅಂದಾಜಿದೆ, ಎಂದರೆ ಲಕ್ಷಕ್ಕೆ ಮೂರೂವರೆ. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ ಹೆಚ್ಚುಕಡಿಮೆ ಹತ್ತು ಲಕ್ಷ. ಯಾವ ವಿಶೇಷ ಕಾರಣವೂ ಇಲ್ಲದೆ ವರ್ಷಕ್ಕೆ ಮೂವತ್ತೈದರಷ್ಟು ರೋಗಿಗಳು ಇಲ್ಲಿರಬೇಕು. ಮೂವತ್ತೈದು ರಾಗಿ ಕಾಳನ್ನು ಕಣದ ಮೇಲೆ ಚೆಲ್ಲಿದರೆ ಎಲ್ಲೋ ಎರಡು ಮೂರು ಕಾಳು ಒಟ್ಟಿಗೆ ಬಿದ್ದೇ ಬೀಳುತ್ತವೆ. ಬಿದ್ದದ್ದೆಲ್ಲ ಕಾಕತಾಳೀಯ ಎಂದು ಹೇಳಲು ಮಾತ್ರ ಎಣಿಕೆ ಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ಎಣಿಸುತ್ತಿರುವುದು ಬೆಂಗಳೂರು ನಗರದ ನಿವಾಸಿಗಳನ್ನು. ಮಧುಗಿರಿಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋದ ರೋಗಿ ಆಸ್ಪತ್ರೆಯ ಲೆಕ್ಕಕ್ಕೆ ಬರುತ್ತಾನೆ, ಊರಿನ ಲೆಕ್ಕಕ್ಕೆ ಬರುವುದಿಲ್ಲ. ಕರುನಾಗಪ್ಪಳ್ಳಿಯ ಒಂದು ತಾಲ್ಲೂಕಿಗೆ ಸಾಧ್ಯವಾದದ್ದು ಇಲ್ಲಿ ಆಗಬಾರದೇಕೆ?

ಆ ಬಸ್ಸಿನಲ್ಲೇ ಈ ಅಧ್ಯಾಯದ ನಿಜವಾದ ಜನ ಕೂತಿರುತ್ತಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹಿರೋಷಿಮಾದ ಅಳತೆಯ ವಿಕಿರಣವನ್ನು ಮೈಮೇಲೆ ಹಾಯಿಸಿಕೊಂಡು ಬದುಕುಳಿದವರು ಬಂಡೆಯ ನೀರು ಕುಡಿದವರಲ್ಲ, ‘ಕರೆಂಟ್ ಕೊಡಿಸಿಕೊಂಡು’ ಬಂದವರು. ರೇಡಿಯೋಥೆರಪಿಗೆ ನಮ್ಮ ಹಳ್ಳಿಗಳಲ್ಲಿ ಇರುವ ಹೆಸರು ಅದು. ಗರ್ಭಕೊರಳಿನ ಕ್ಯಾನ್ಸರಿಗೆ ಐದು ವಾರ, ವಾರಕ್ಕೆ ಐದು ದಿನ ಕೋಬಾಲ್ಟ್ ಅಥವಾ ಲೀನಿಯರ್ ಆಕ್ಸಿಲರೇಟರ್ ಯಂತ್ರದಡಿ ಮಲಗಿದ ಹೆಂಗಸಿನ ಕಿಬ್ಬೊಟ್ಟೆಗೆ 45ರಿಂದ 50 ಗ್ರೇ ಬೀಳುತ್ತದೆ. ವಯಸ್ಕರ ಕೆಲಸ ಮಾಡುವ ಮಜ್ಜೆಯಲ್ಲಿ ಕಾಲು ಭಾಗದಷ್ಟು ಇರುವುದೇ ಸೊಂಟದ ಮೂಳೆಗಳಲ್ಲಿ. ಹಿರೋಷಿಮಾದ ಲೆಕ್ಕವನ್ನು ಕಣ್ಣುಮುಚ್ಚಿ ಗುಣಿಸಿದರೆ ಇವರಲ್ಲಿ ಎಷ್ಟೋ ಮಂದಿಗೆ ಲ್ಯುಕೇಮಿಯಾ ಬರಬೇಕಿತ್ತು. ಬರಲಿಲ್ಲ. ಹಲವು ದೇಶಗಳ ಒಂದೂವರೆ ಲಕ್ಷ ಗರ್ಭಕೊರಳ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿದ ಜಾನ್ ಬಾಯ್ಸ್ ತಂಡ 1987ರಲ್ಲಿ ಹೇಳಿದ್ದು ಇಷ್ಟು: ವಿಕಿರಣ ಪಡೆದವರಲ್ಲಿ ಲ್ಯುಕೇಮಿಯಾ ಅಪಾಯ ಸುಮಾರು ಎರಡು ಪಟ್ಟು. ಮಜ್ಜೆಯ ಸರಾಸರಿ ಪ್ರಮಾಣ ನಾಲ್ಕು ಗ್ರೇ ಮುಟ್ಟುವವರೆಗೆ ಅಪಾಯ ಏರುತ್ತದೆ, ಅದಕ್ಕೂ ಮೇಲೆ ಹೋದರೆ ಇಳಿಯುತ್ತದೆ! ಅಷ್ಟು ಬಲವಾದ ಹೊಡೆತಕ್ಕೆ ಮೂಲಕೋಶ ಕೆಡುವುದಿಲ್ಲ, ಸಾಯುತ್ತದೆ. ಸತ್ತ ಕೋಶಕ್ಕೆ ಕ್ಯಾನ್ಸರ್ ಬರುವುದಿಲ್ಲ. ಲ್ಯುಕೇಮಿಯಾ ಮೊದಲೇ ಅಪರೂಪದ ರೋಗ. ಅದರ ಎರಡು ಪಟ್ಟು ಎಂದರೂ ಸಾವಿರಾರು ಹೆಂಗಸರಲ್ಲಿ ಕೆಲವರು. ಚಿಕಿತ್ಸೆ ಬಿಟ್ಟಿದ್ದರೆ ಗರ್ಭಕೊರಳಿನ ಗಡ್ಡೆ ಅವರಲ್ಲಿ ಬಹುತೇಕರನ್ನು ಕೆಲವೇ ವರ್ಷಗಳಲ್ಲಿ ಮುಗಿಸಿರುತ್ತಿತ್ತು. ‘ಕರೆಂಟ್ ಕೊಟ್ಟರೆ ಇನ್ನೊಂದು ಕ್ಯಾನ್ಸರ್ ಬರ್ತದಂತೆ’ ಎಂದು ಅರ್ಧಕ್ಕೇ ಬಿಟ್ಟು ಬರುವವರಿಗೆ ಹೇಳಬೇಕಾದ ಅಂಕಿ ಇದು.

ಕ್ಯಾನ್ಸರಿನಿಂದ ಪಾರಾದವರಲ್ಲಿ ಆಮೇಲೆ ಬರುವ ಲ್ಯುಕೇಮಿಯಾಕ್ಕೆ ಕರೆಂಟಿಗಿಂತ ಹೆಚ್ಚಾಗಿ ಕಾರಣವಾಗುವುದು ಕೀಮೋ ಔಷಧಗಳು. ಸೈಕ್ಲೋಫಾಸ್ಫಮೈಡ್, ಮೆಲ್ಫಲಾನ್ ಬಗೆಯವು ಐದರಿಂದ ಹತ್ತು ವರ್ಷದ ಮೇಲೆ, ಎಟೊಪೊಸೈಡ್ ಬಗೆಯವು ಒಂದರಿಂದ ಮೂರು ವರ್ಷದೊಳಗೆ ಮಜ್ಜೆಯನ್ನು ಕೆಡಿಸಬಹುದು. ಕರೆಂಟ್, ಕೀಮೋ ಎರಡರಲ್ಲಿ ಯಾವುದನ್ನು ಪಡೆದವರೂ ಸುಸ್ತು, ಬಿಳಿಚುವಿಕೆ, ಮತ್ತೆ ಮತ್ತೆ ಜ್ವರ, ಒಸಡಿನಲ್ಲಿ ರಕ್ತ, ಏಟಿಲ್ಲದೆ ಮೂಡುವ ನೀಲಿ ಕಲೆಗಳನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಬಿಳಿ, ಕೆಂಪು ಕಣಗಳನ್ನೂ ಕಿರುಬಿಲ್ಲೆಗಳನ್ನೂ (ಪ್ಲೇಟ್‌ಲೆಟ್) ಎಣಿಸುವ ಸಿಬಿಸಿ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಹೋಗುವಾಗ ಹಳೆಯ ಡಿಸ್ಚಾರ್ಜ್ ಚೀಟಿ ಒಯ್ಯಬೇಕು: ಯಾವ ಇಸವಿ, ದೇಹದ ಯಾವ ಭಾಗಕ್ಕೆ ಕರೆಂಟ್, ಎಷ್ಟು ಸಲ, ಕೀಮೋ ಯಾವುದು. ಹದಿನೈದು ವರ್ಷ ಹಿಂದಿನ ಚಿಕಿತ್ಸೆಯ ವಿಷಯ ಗೊತ್ತಿಲ್ಲದ ವೈದ್ಯರಿಗೆ ಕಡಿಮೆಯಾದ ರಕ್ತ ಬರೀ ಕಬ್ಬಿಣದ ಕೊರತೆಯಂತೆ ಕಾಣುತ್ತದೆ. ಮಾತ್ರೆ ಬರೆದುಕೊಟ್ಟು ಮೂರು ತಿಂಗಳು ಬಿಟ್ಟು ಬರಲು ಹೇಳುತ್ತಾರೆ.